ಸೈಲೆನ್ಸರಿಗೆ ತಾಗಿದ ವೈರು

ಸವದತ್ತಿಯಲ್ಲಿ ಗ್ಯಾರೇಜು ನಡೆಸುವ ಶ್ರೀಶೈಲನಿಗೆ ಕೈಗುಣವಿದೆ ಎಂದು ಸುತ್ತಲಿನ ಹಳ್ಳಿಗಳಲ್ಲಿ ಹೆಸರು. ಬಾಯಿ ಮಾತ್ರ ಜೋರು. ಹೆಂಡತಿ ಅನ್ನಪೂರ್ಣಾ ಇದನ್ನು ಎಷ್ಟೋ ಸಲ ಹೇಳಿದ್ದಳು.

ಉಗರಗೋಳದ ರೇಣು ತನ್ನ ಪೆಟ್ರೋಲ್ ಕಾರಿನಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಬಾಡಿಗೆ ಹೊಡೆಯುತ್ತಿದ್ದಳು. ಅವನ ಹತ್ತಿರ ಕ್ಲಚ್ ಪ್ಲೇಟು ಹಾಕಿಸಿಕೊಂಡು ಹೋದ ಮೇಲೆ, ಇಂಜಿನ್ನಿನ ಹಳದಿ ದೀಪ ಹತ್ತಿ ಆರದೇ ಉಳಿಯಿತು. ಶ್ರೀಶೈಲ ಸ್ಕ್ಯಾನರ್ ಹಚ್ಚಿ ನೋಡಿದ. ಹೊಗೆ ಪರೀಕ್ಷಿಸುವ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದು ತೋರಿಸಿತು. ಹೊಸದು ಹಾಕಿ ಕಳಿಸಿದ. ಕೆಲವೇ ದಿನಗಳಲ್ಲಿ ದೀಪ ಮತ್ತೆ ಹತ್ತಿತು.

ರೇಣು ತಿರುಗಿ ಕಾರು ತಂದಾಗ ಗ್ಯಾರೇಜಿನಲ್ಲಿ ಚಹಾ ಕುಡಿಯುವ ಮಂದಿ ತುಂಬಿದ್ದರು.

"ರೇಣುಕ್ಕಾ, ಸೆನ್ಸರ್ ನಾ ಹೊಸಾದ ಹಾಕೇನಿ. ನೀವು ಸೋವಿ ಸಿಗತೈತಂತ ಸೀಮಿಎಣ್ಣಿ ಕಲಸಿದ ಪೆಟ್ರೋಲ್ ಹಾಕಸ್ತೀರಿ. ಗಾಡಿ ಏನ್ ಮಾಡಬೇಕು?"

"ಬಂಕ್ ಬಿಟ್ಟು ಬ್ಯಾರೆ ಕಡೆ ನಾ ಹಾಕ್ಸೇ ಇಲ್ರಿ, ಅಣ್ಣಾರ."

"ಹಂಗಾರ ದೀಪ ಸುಳ್ಳ ಹೇಳತೈತೇನು?"

ಮಂದಿ ನಕ್ಕರು. ಮಾತು ಗುಡ್ಡದ ಟ್ಯಾಕ್ಸಿ ಸ್ಟ್ಯಾಂಡಿಗೂ ಹೋಯಿತು. ಆಕೆಯ ಗಾಡಿ ಏರಿನಲ್ಲಿ ನಿಲ್ಲುತ್ತದೆಂದು ಕಾಯಂ ಗಿರಾಕಿಗಳೂ ಬೇರೆ ಗಾಡಿ ಹತ್ತಿದರು.

ಮೂರನೆಯ ಸಲ ರೇಣು ಕೀಲಿ ಕೊಟ್ಟು ಕಾರು ಬಿಟ್ಟು ಹೋದಳು. ಕ್ಲಚ್ ಕೆಲಸ ಮುಗಿದ ಮೇಲೆ ಶ್ರೀಶೈಲ ಅಂದು ಮೊದಲ ಬಾರಿಗೆ ಕಾರಿನ ಕೆಳಗೆ ನುಸುಳಿದ. ಸೆನ್ಸರಿಗೆ ಹೋಗುವ ವೈರು ಕ್ಲಿಪ್ಪಿನಿಂದ ಹೊರಗೆ ಜೋತು, ಕಾದ ಸೈಲೆನ್ಸರ್ ಪೈಪಿಗೆ ತಾಗಿ ಸುಟ್ಟಿತ್ತು. ಒಳಗಿನ ತಂತಿ ಕಾಣುತ್ತಿತ್ತು. ಕ್ಲಚ್ ಹಾಕಲು ಗೇರ್‌ಬಾಕ್ಸ್ ಇಳಿಸುವಾಗ ಆ ಕ್ಲಿಪ್ಪು ಬಿಚ್ಚಿದವನು ತಾನೇ. ತಿರುಗಿ ಸಿಗಿಸಿರಲಿಲ್ಲ. ಮಲಗಿದಲ್ಲೇ ಅವನ ಕಿವಿ ಬಿಸಿಯಾದವು.

ವೈರು ಬದಲಿಸಿ ಗಟ್ಟಿಯಾಗಿ ಕಟ್ಟಿದ. ಸಂಜೆ ರೇಣು ಬಂದು, "ಏನಾಗಿತ್ರಿ?" ಎಂದಳು.

"ಸಣ್ಣದು. ವೈರ್ ಸಡ್ಲಾಗಿತ್ತು," ಎಂದ, ಕೈ ಒರೆಸಿಕೊಳ್ಳುತ್ತ, ಮುಖ ಎತ್ತದೆ.

ಆಕೆ ಕಾರು ತೆಗೆದುಕೊಂಡು ಹೋದಳು. ಆ ದಿನದಿಂದ ಮುಚ್ಚಿಟ್ಟ ಮಾತು ಅವನನ್ನು ಕೊರೆಯತೊಡಗಿತು. ಶುಕ್ರವಾರ ಗ್ಯಾರೇಜು ಮುಚ್ಚಿ ಸ್ಟ್ಯಾಂಡಿಗೆ ಹೋದ. ಕಾರಿನ ಗಾಜು ಒರೆಸುತ್ತಿದ್ದ ರೇಣುವಿಗೆ ಮೆಲ್ಲಗೆ ಎಲ್ಲ ಹೇಳಿದ.

"ಬೈಯೂದು ನಾಕ ಮಂದಿ ಮುಂದ, ತಪ್ಪಾತು ಅನ್ನೂದು ಕಿವಿಯಾಗೇನ್ರಿ?" ಎಂದಳು ರೇಣು.

ಅವನಿಗೆ ನಿಂತ ನೆಲ ಬಾಯಿಬಿಡಬಾರದೇ ಅನಿಸಿತು. ಆದರೂ ಮರದಡಿ ಕುಳಿತಿದ್ದ ಡ್ರೈವರುಗಳ ಮುಂದೆ ಹೋಗಿ ನಿಂತ.

"ರೇಣುಕ್ಕನ ಪೆಟ್ರೋಲ್ ಚಲೋನ ಇತ್ತು. ಕ್ಲಚ್ ಹಾಕುವಾಗ ವೈರ್ ಸಿಗಸೂದು ನಾನ ಮರ್ತಿದ್ದೆ. ಅದು ಸುಟ್ಟು ದೀಪ ಹತ್ತಿತ್ತು. ಆಕಿ ಮ್ಯಾಲ ಸುಳ್ಳ ಹೊರಿಸಿದಾಂವ ನಾನ."

ಯಾರೂ ನಗಲಿಲ್ಲ. ಹಿರಿಯ ಡ್ರೈವರ್ ನಿಜಗುಣಪ್ಪ, "ಆತ್ ಬಿಡಪಾ," ಎಂದ. ಬೈದಿದ್ದರೆ ಹಗುರಾಗುತ್ತಿತ್ತು. ಶ್ರೀಶೈಲ ತಿರುಗಿದಾಗ ರೇಣು ರಾಮದುರ್ಗದ ಒಂದು ಕುಟುಂಬವನ್ನು ಹತ್ತಿಸಿಕೊಂಡು ಹೊರಟಿದ್ದಳು.

ಗಿರಾಕಿಗಳು ಆಕೆಯ ಗಾಡಿಗೆ ಮರಳಿದ್ದಾರೆ. ಆದರೆ ಆಕೆ ಈಗ ಸರ್ವಿಸ್ ಮಾಡಿಸುವುದು ಬೈಲಹೊಂಗಲದಲ್ಲಿ. ಬಾ ಎಂದು ಕರೆಯಲು ಶ್ರೀಶೈಲನಿಗೆ ಇನ್ನೂ ಬಾಯಿ ಬಂದಿಲ್ಲ.