ಖಾತುನಬಿ ತೋಡಿಸಿದ ಕುಣಿ

ಬೆಟಗೇರಿಯ ಉಡಚವ್ವನಿಗೆ ಹೊಟ್ಟೆಕಿಚ್ಚು ಹೊಸದಲ್ಲ. ಸೊರಟೂರಿನಿಂದ ಲಗ್ನವಾಗಿ ನೇಕಾರರ ಓಣಿಗೆ ಬಂದ ವರ್ಷವೇ, ಎದುರು ಮನೆಯವಳು ನೇಯ್ದ ಸೆರಗು ತನ್ನದಕ್ಕಿಂತ ಚಂದ ಬಂತೆಂದು ಉಪವಾಸ ಬಿದ್ದವಳು ಆಕೆ. ಆಮೇಲೆ ಎದ್ದು ಅದಕ್ಕಿಂತ ಮೇಲಾದ ಸೆರಗು ನೇಯ್ದು, ಅವರ ಬಾಗಿಲಿಗೆ ಕಾಣುವಂತೆ ಹರವಿದಳು. ಹೀಗೆ ಉರಿದು ಉರಿದೇ ಓಣಿಯಲ್ಲಿ ದೊಡ್ಡ ನೇಕಾರಳೆಂದು ಹೆಸರಾದಳು.

ಗಂಡ ತೀರಿಕೊಂಡ ಮೇಲೆ ಒಂದು ಮಗ್ಗ ಇಟ್ಟುಕೊಂಡು ಉಳಿದೆರಡನ್ನು ಬಿಚ್ಚಿಸಿದಳು. ಮಗ್ಗ ಹೋದರೂ ನೇಯುವವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಕುಣಿಗಳು ಉಳಿದವು. ನಡುವಿನ ಮಣ್ಣು ಕುಸಿದು ಎರಡೂ ಕೂಡಿ ಒಂದೇ ಉದ್ದನೆಯ ಕುಣಿಯಾಯಿತು. ಆಕೆಯ ಜೊತೆಗಿದ್ದ ಅಣ್ಣನ ಮಗಳು ಶೃತಿ, ಗದಗಿನಲ್ಲಿ ಕಂಪ್ಯೂಟರ್ ಕಲಿಸುವವಳು, ಒಂದು ಭಾನುವಾರ ನಾಲ್ಕೈದು ಜನ ಹುಡುಗ ಹುಡುಗಿಯರನ್ನು ಕರೆತಂದು ಅದರ ಸುತ್ತ ಕೂರಿಸಿದಳು. ಕಾಲು ಕುಣಿಯೊಳಗೆ, ಅಡ್ಡ ಹಲಗೆಯ ಮೇಲೆ ಲ್ಯಾಪ್‌ಟಾಪು. ಅಂದಿನಿಂದ ತಿಂಗಳಿಗೊಮ್ಮೆ ಅಲ್ಲೇ ಸೇರತೊಡಗಿದರು. ಯಾರೋ ಬರೆದು ಊರಿಗೆಲ್ಲ ಬಿಟ್ಟುಕೊಟ್ಟ ತಂತ್ರಾಂಶಗಳ ಕೂಟ ಅದು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಮತ್ತೊಬ್ಬರಿಗೆ ಕೊಡಬಹುದು.

ಉಡಚವ್ವನಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. “ಹಂಗಾರ ನೇದಾಕಿ ಹೆಸರು ಎಲ್ಲಿ ಹೋತು?” ಎಂದು ಕೇಳಿದಳು.

“ಹೆಸರು ಇರತೈತಿ ಅತ್ತಿ. ನೇದ ಅರಿವಿ ಅಷ್ಟ ಎಲ್ಲಾರದು,” ಎಂದಳು ಶೃತಿ.

ಕೂಟಕ್ಕೆ ‘ಕುಣಿ ಕೂಟ’ವೆಂದೇ ಹೆಸರು ಬಿತ್ತು. ಬಂದವರೆಲ್ಲ ಅಜ್ಜೀ ಅಜ್ಜೀ ಎಂದು ಚಹಾ ಕೇಳುವರು. ಕೂಟ ತನ್ನದೇ ಎಂದು ಉಡಚವ್ವ ಒಳಗೊಳಗೇ ಬರೆಸಿಕೊಂಡುಬಿಟ್ಟಿದ್ದಳು.

ಹೀಗಿರಲು, ವರ್ಷದ ದೊಡ್ಡ ಕೂಟವನ್ನು ಲಕ್ಷ್ಮೇಶ್ವರದಲ್ಲಿ ಮಾಡುವುದೆಂದು ಶೃತಿ ಹೇಳಿದಳು. ಶಿರಹಟ್ಟಿ, ಮುಂಡರಗಿಯಿಂದಲೂ ಜನ ಬರುವವರು, ಅಷ್ಟು ಮಂದಿ ಇಲ್ಲಿ ಹಿಡಿಸುವುದಿಲ್ಲ. ಕೂಟಕ್ಕೆ ಬರುತ್ತಿದ್ದ ಅಲ್ಫಿಯಾಳ ಮನೆಯ ಅಂಗಳ ದೊಡ್ಡದು. ಉಡಚವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದ ಕೈ ನಿಲ್ಲಿಸಿ ಒಂದೇ ಮಾತು ಕೇಳಿದಳು, ಚಹಾ ಯಾರು ಮಾಡುತ್ತಾರೆಂದು. ಅಲ್ಫಿಯಾಳ ಅಜ್ಜಿ ಖಾತುನಬಿ ಎಂದಾಗ ನೂಲು ಹರಿಯಿತು.

ಕೂಟದ ದಿನ ತಾನೇ ನೇಯ್ದ ಸೀರೆ ಉಟ್ಟು ಶೃತಿಯ ಸಂಗಡ ಬಸ್ಸು ಹತ್ತಿದಳು. ಹುಳುಕು ಹುಡುಕಲೆಂದೇ ಹೊರಟವಳಿಗೆ ಲಕ್ಷ್ಮೇಶ್ವರದ ಅಂಗಳದಲ್ಲಿ ಮೊದಲು ಕಂಡದ್ದು ಚಪ್ಪರವಲ್ಲ, ಕುರ್ಚಿಯಲ್ಲ. ಚಪ್ಪರದ ಕೆಳಗೆ ನಟ್ಟನಡುವೆ ಹೊಸದಾಗಿ ತೋಡಿದ ಉದ್ದನೆಯ ಕುಣಿ.

ಖಾತುನಬಿ ಕೈ ಹಿಡಿದು ಕರೆದೊಯ್ದು ತೋರಿಸಿದಳು. “ಬೆಟಗೇರ್ಯಾಗ ಕುಣಿಯಾಗ ಕಾಲ ಬಿಟ್ಟ ಕುಂಡ್ರತಾರಂತ ನಮ್ಮ ಅಲ್ಫಿಯಾ ಹೇಳ್ಯಾಳ. ಕುಣಿ ಇಲ್ಲದ ಈ ಕೆಲಸ ಹೆಂಗ ಆಗತೈತಿ? ಆಳು ಮೌಲಾಸಾಬನ ಕಡಿಂದ ತೋಡಿಸೀನಿ.”

ಕುಣಿ ಬೇಡವೆಂದು ಅಜ್ಜಿಗೆ ಎಷ್ಟು ಹೇಳಿದರೂ ಕೇಳಲಿಲ್ಲವೆಂದು ಅಲ್ಫಿಯಾ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಉಡಚವ್ವನಿಗೆ ನಗು ಬರಲಿಲ್ಲ. ಎದೆಯ ಮೇಲೆ ಯಾರೋ ಕೆಂಡ ಇಟ್ಟಂತಾಯಿತು. ಚಹಾ ಹೋಯಿತು, ಕೂಟ ಹೋಯಿತು, ಈಗ ಕುಣಿಯೂ ಹೋಯಿತು. ಆದರೆ ಬಗ್ಗಿ ನೋಡಿದಾಗ ಹೊಟ್ಟೆ ತಣ್ಣಗಾಯಿತು. ಕುಣಿ ಆಳವಿಲ್ಲ. ಹಿಮ್ಮಡಿ ಊರಲು ಇಳಿಜಾರಿಲ್ಲ. ಅಂಚು ಕುಡುಗೋಲಿನಂತೆ ನಿಂತಿದೆ, ತೊಡೆ ಕೊಯ್ಯುತ್ತದೆ.

“ಎಲ್ಲ್ಯರ ತಪ್ಪೈತೇನಕ್ಕಾ? ಹೇಳು,” ಎಂದಳು ಖಾತುನಬಿ.

“ಚಲೋ ಐತಿ,” ಎಂದುಬಿಟ್ಟಳು ಉಡಚವ್ವ. ಎಂದು, ಚೆನ್ನಾಗಿ ಕಾಣುವ ಜಾಗ ನೋಡಿ ಕುಳಿತಳು.

ಶಿರಹಟ್ಟಿಯ ಸೋಮೇಶ ಗೋಡೆಯ ಪರದೆಯ ಮೇಲೆ ಎಲ್ಲರೂ ತಿದ್ದಬಹುದಾದ ನಕಾಶೆ ತೋರಿಸಿ, ಕಣಗಿನಹಾಳದ ಓಣಿಗಳನ್ನು ಅದಕ್ಕೆ ಸೇರಿಸುವುದು ಹೇಗೆಂದು ಹೇಳುತ್ತಿದ್ದ. ಕುಣಿಯ ಸುತ್ತ ಕುಳಿತವರ ಮೊಣಕಾಲು ಗದ್ದಕ್ಕೆ ಬಂದಿದ್ದವು. ಲ್ಯಾಪ್‌ಟಾಪು ಜಾರುತ್ತಿದ್ದವು. ಮುಂದಿನ ಸರದಿ ಮುಂಡರಗಿಯ ಶಿವಯೋಗಿಯದು. ಎದ್ದವನ ಕಾಲು ಜೋಮು ಹಿಡಿದು, ಧೊಪ್ಪನೆ ಮಣ್ಣ ಮೇಲೆ ಕುಂಡೆ ಊರಿದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಉಡಚವ್ವ.

ಶಿವಯೋಗಿ ಕಾಲು ತಿಕ್ಕಿಕೊಳ್ಳುತ್ತ ಬಾಜೂದವನಿಗೆ ಹೇಳಿದ, “ಬೆಟಗೇರಿ ಮಂದಿ ಇಂಥಾ ಕುಣ್ಯಾಗ ಕುಂತು ಹೆಂಗ ನೇಯ್ತಾರಲೇ? ಅದಕ್ಕ ಮಗ್ಗ ಬಂದ್ ಆಗ್ಯಾವ ನೋಡು.”

ಉಡಚವ್ವನ ನಗು ಅಲ್ಲೇ ಆರಿತು. ಖಾತುನಬಿಯ ಮಾನ ಹೋಗಲೆಂದು ಕುಳಿತವಳಿಗೆ ಹೋಗುತ್ತಿರುವುದು ತನ್ನ ಮಾನ ಎಂದು ಹೊಳೆಯಿತು. ಇಂಥ ಕೆಟ್ಟ ಕುಣಿಗೆ ಬೆಟಗೇರಿಯ ಹೆಸರು. ನಾಲ್ಕು ಊರಿಗೂ ಹೋಗಿ ಹೇಳುತ್ತಾರೆ ಇವರು.

“ಏಳ್ರಿ ಎಲ್ಲಾರೂ,” ಎಂದಳು. “ಮೌಲಾಸಾಬ, ಸಲಿಕಿ ತಾ. ಇದು ಬೆಟಗೇರಿ ಕುಣಿ ಅಲ್ಲ.”

ಮಂದಿ ಊಟಕ್ಕೆ ಎದ್ದರು. ಉಡಚವ್ವ ಸೀರೆ ಎತ್ತಿಕಟ್ಟಿ ಕುಣಿಗೆ ಇಳಿದಳು. ಮೌಲಾಸಾಬ ಅಗೆದ, ಖಾತುನಬಿ ಬುಟ್ಟಿಯಲ್ಲಿ ಮಣ್ಣು ಎತ್ತಿ ಹಾಕಿದಳು. ಹಿಮ್ಮಡಿಗೆ ಇಳಿಜಾರು ಮಾಡಿಸಿ, ಅಂಚು ಕೆತ್ತಿ ದುಂಡಗೆ ಮಾಡಿಸಿ, ಅದರ ಮೇಲೆ ಹಳೆಯ ಕೌದಿ ಮಡಚಿ ಹಾಸಿದಳು. ಹೇಳಬಾರದೆಂದುಕೊಂಡರೂ ಬಾಯಿ ನಿಲ್ಲಲಿಲ್ಲ. ಯಾಕೆ ಹೀಗೆ, ಯಾಕೆ ಹಾಗೆ ಎಂದು ಖಾತುನಬಿಗೆ ಎಲ್ಲವನ್ನೂ ಹೇಳಿಕೊಟ್ಟಳು.

ಮಧ್ಯಾಹ್ನ ಕುಳಿತವರು ಸಂಜೆಯವರೆಗೆ ಏಳಲಿಲ್ಲ. ಕೌದಿಯ ಜಾಗಕ್ಕೆ ಜಗಳವೇ ಆಯಿತು. ಈ ಕುಣಿ ತಿದ್ದಿದವರು ಬೆಟಗೇರಿಯ ಉಡಚವ್ವ ಎಂದು ಅಲ್ಫಿಯಾ ಮೈಕಿನಲ್ಲಿ ಹೇಳಿದಳು. ಚಪ್ಪಾಳೆ ಬಿತ್ತು. ಆ ಸುಖ ಬಸ್ಸು ಹತ್ತುವವರೆಗೆ ಮಾತ್ರ.

“ಇನ್ನ ಒಂದ ತಿಂಗಳ ನಮ್ಮಲ್ಲೆ, ಒಂದ ತಿಂಗಳ ಲಕ್ಷ್ಮೇಶ್ವರದಾಗ ಅಂತ ಆಗೇತಿ ಅತ್ತಿ,” ಎಂದಳು ಶೃತಿ. “ಕುಣಿ ಭಾಳ ಚಂದ ಆತಂತ ಎಲ್ಲಾರೂ ಅಂದ್ರು.”



ಮರುದಿನ ತನ್ನ ಕುಣಿಯನ್ನು ನೋಡಿದಳು. ಅಂಚು ಅಲ್ಲಲ್ಲಿ ಉದುರಿತ್ತು. ಇಷ್ಟು ವರ್ಷ ಕಣ್ಣಿಗೆ ಬಿದ್ದಿರಲಿಲ್ಲ. ಗೌಂಡಿ ರಾಮಪ್ಪನಿಗೆ ಹೇಳಿಕಳಿಸಿದಳು. ಲಕ್ಷ್ಮೇಶ್ವರದಲ್ಲಿ ಕೌದಿ ಹಾಸಿದ್ದರೆ ಇಲ್ಲಿ ನುಣುಪಾದ ಕಲ್ಲೇ ಬೇಕು.

ರಾಮಪ್ಪ ಅರ್ಧ ಕೂರಿಸಿದ್ದಾಗ ಶೃತಿ ಅಲ್ಫಿಯಾಳಿಗೆ ಕಳಿಸಲೆಂದು ಫೋಟೋ ತೆಗೆಯಲು ಬಂದಳು. ಉಡಚವ್ವ ಮೊಬೈಲಿಗೆ ಕೈ ಅಡ್ಡ ಹಿಡಿದಳು.

“ಪೂರಾ ಆಗಲಿ ತಡಿ,” ಎಂದಳು. “ಆಮ್ಯಾಲ ಕಳಸು. ಅಕಿ ಅಜ್ಜಿಗೆ ತೋರಸು ಅಂತ ಹೇಳು. ಅಕಿನೂ ಒಂದ ದಿನ ಉಪವಾಸ ಬೀಳಲಿ.”