ಪೇಪರ್ ಓದಲು ಕಷ್ಟವಾಗುತ್ತದೆಯೇ?

ಹೋದ ವಾರ ನನ್ನ ಸೋದರತ್ತೆ ಈರಮ್ಮ ನನ್ನ ಮುಖ ತಡವಿ ಗುರುತು ಹಿಡಿದಳು. ಅವಳ ಎರಡೂ ಕಣ್ಣು ಹೋಗಿವೆ. ಅದರಲ್ಲಿ ನನ್ನ ಪಾಲೂ ಇದೆ.

ಆರು ತಿಂಗಳ ಹಿಂದೆ ಹೊಸಪೇಟೆಯ ಡಾಕ್ಟರ್ ಗೆಳೆಯನೊಬ್ಬ ಒಂದು ಫಾರಂ ಕೊಟ್ಟ. ವಯಸ್ಸಾದವರು ಎಷ್ಟು ಆರೋಗ್ಯವಾಗಿದ್ದಾರೆ, ಎಷ್ಟು ನೆಮ್ಮದಿಯಾಗಿದ್ದಾರೆ ಎಂದು ಅಳೆಯುವ ಪ್ರಶ್ನೆಗಳು. ಅಮೆರಿಕದ್ದು.

"ಲೇ, ಇದನ್ನ ಕನ್ನಡಕ್ಕ ಮಾಡು. ಹಳ್ಳ್ಯಾಗ ನಾಕು ಮಂದೀನ ಕೇಳಿ ನೋಡು. ತ್ರಾಸ ಇದ್ದೋರ್ನ ನನ್ನ ಹತ್ರ ಕಳಸು" ಅಂದ.

ಎರಡು ಸಂಜೆಯಲ್ಲಿ ಅನುವಾದ ಮುಗಿಯಿತು. (ಕಾಲೇಜು ಮೇಷ್ಟ್ರಲ್ಲವೇ, ಜಂಬ ಬೇರೆ.) ಕಂಪ್ಲಿ ಬಸ್ಸು ಹತ್ತಿ ಅತ್ತೆಯ ಹಳ್ಳಿ ಮೆಟ್ರಿಗೆ ಹೋಗಿ ಅವಳ ಮುಂದೆಯೇ ಮೊದಲು ಕೂತೆ.

ಒಂದು ಮಹಡಿ ಹತ್ತಬಲ್ಲಿರಾ? ಆ ಮನೆಯಲ್ಲಿ ಮಹಡಿ ಎಲ್ಲಿದೆ? ಮಾಳಿಗೆಗೆ ಏಣಿ ಇಟ್ಟು ಹತ್ತುತ್ತಾರೆ. "ಹತ್ತತೀನಪಾ" ಅಂದಳು. ಟಿಕ್.

ಸ್ನಾನಕ್ಕೆ ಇನ್ನೊಬ್ಬರ ಸಹಾಯ ಬೇಕೇ? "ಬೇಕಲ್ಲ ಮತ್ತ! ಸೊಸಿ ದಿನಾ ಬೆನ್ನು ತಿಕ್ಕತಾಳ" ಎಂದು ಎದೆಯುಬ್ಬಿಸಿದಳು. ನಮ್ಮ ಕಡೆ ಅದು ಭಾಗ್ಯ. ಫಾರಂ ಪ್ರಕಾರ ಅಸಹಾಯಕತೆ.

ಪೇಪರ್ ಓದಲು ಕಷ್ಟವಾಗುತ್ತದೆಯೇ?

"ನಾ ಯಾವತ್ತ ಸಾಲಿಗೆ ಹೋಗೀನೋ?" ಇಬ್ಬರೂ ಬಿದ್ದು ಬಿದ್ದು ನಕ್ಕೆವು. 'ಅನ್ವಯಿಸುವುದಿಲ್ಲ' ಎಂದು ಬರೆದು ಮುಂದಕ್ಕೆ ಹೋದೆ. ಉಳಿದದ್ದಕ್ಕೆಲ್ಲ ಅವಳದು ಒಂದೇ ಉತ್ತರ, "ಆರಾಮ ಅದೀನಿ."

ನಾವು ನಗುತ್ತಿದ್ದಾಗ ಅಂಗಳದಲ್ಲಿ ಸೊಸೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಕಾಲುವೆ ನೀರು ಬಂದು ಮನೆಯಲ್ಲಿ ಭತ್ತ ತುಂಬತೊಡಗಿದಾಗಿನಿಂದ ಆ ಕೆಲಸ ಅತ್ತೆಯದು. ಬೇರೆಯವರು ಆರಿಸಿದರೆ ಅವಳಿಗೆ ನಂಬಿಕೆಯಿಲ್ಲ. ಮೊರ ಕೈ ಬದಲಾದದ್ದನ್ನು ನಾನು ನೋಡಿದೆ. ಯಾಕೆ ಎಂದು ಕೇಳಲಿಲ್ಲ. ಅದು ಫಾರಂನಲ್ಲಿ ಇರಲಿಲ್ಲವಲ್ಲ! ಪೇಪರ್ ಬಿಟ್ಟು, ಅಕ್ಕಿಯಲ್ಲಿ ಕಲ್ಲು ಕಾಣುತ್ತದೆಯೇ ಎಂದು ಬರೆದುಕೊಂಡಿದ್ದರೆ ಸಾಕಿತ್ತು. ಅನುವಾದ ಮಾಡಿದವನು ನಾನೇ. ಬದಲಾಯಿಸುವುದಕ್ಕೆ ಯಾರ ಅಪ್ಪಣೆ ಬೇಕಿತ್ತು?

ಹೋದ ವಾರ ಅತ್ತೆ ಹಗಲಲ್ಲೇ ಬಾಗಿಲಿಗೆ ಹಣೆ ಬಡಿದುಕೊಂಡು ಬಿದ್ದಳಂತೆ. ಆಗಲೇ ಮನೆಯವರಿಗೂ ಗೊತ್ತಾದದ್ದು. ಕಣ್ಣಿನ ಡಾಕ್ಟರಿಗೆ ತೋರಿಸಿದೆವು.

"ಕಣ್ಣಿನ ಒತ್ತಡ ಏರಿ ನರ ಸತ್ತಾವ್ರಿ. ಆರು ತಿಂಗಳ ಹಿಂದ ಕರಕೊಂಡು ಬಂದಿದ್ರ, ಇದ್ದಷ್ಟು ನೋಟ ಉಳಸಬಹುದಿತ್ತು" ಅಂದರು.

ಆರು ತಿಂಗಳ ಹಿಂದೆ ನಾನು ಅವಳ ಎದುರಿಗೇ ಕೂತಿದ್ದೆ.

ಮನೆಗೆ ಬಂದ ಮೇಲೆ ತಡೆಯಲಾಗದೆ ಕೇಳಿದೆ, "ಕಣ್ಣು ಮಂಜಾಗ್ಯಾವ ಅಂತ ಅವತ್ತ ಯಾಕ ಹೇಳಲಿಲ್ಲತ್ತಿ?"

"ನೀ ಪೆನ್ನು ಹಿಡಕೊಂಡು ಕುಂತಿದ್ದಿ. ನಿಂದೇನೋ ದೊಡ್ಡ ಪರೀಕ್ಷಾ ಐತಿ ಅನ್ಕೊಂಡೆ. ನಾ ಕೆಟ್ಟದ್ದು ಹೇಳಿದ್ರ ನಿನಗ ಮಾರ್ಕ್ಸ್ ಕಮ್ಮಿ ಬಿದ್ದಾವು ಅಂತ, ಎಲ್ಲಾ ಚಲೋ ಐತಿ ಅಂದೆ."

ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಪಾಸಾದಿ ಇಲ್ಲೋ?"