ಅಜ್ಜಿಯ ಸಂಚಿಯಲ್ಲಿದ್ದ ಮಿಶ್ರಿ ಡಬ್ಬಿ

“ತಂಬಾಕು ತಿಂತೀರೇನ್ರಿ ಆಯಿ?” ಎಂದು ಕೇಳಿದ್ದಕ್ಕೆ ಕಟಕೋಳದಿಂದ ಹಲ್ಲುನೋವೆಂದು ಬಂದಿದ್ದ ಅಜ್ಜಿಗೆ ಸಿಟ್ಟೇ ಬಂತು. “ನಮ್ಮ ಮನಿ ಹೆಣ್ಮಕ್ಕಳು ಅದನ್ನ ಮುಟ್ಟೂದಿಲ್ರಿ” ಎಂದರು. ಕೇಸ್ ಪೇಪರಿನಲ್ಲಿ ‘ಇಲ್ಲ’ ಎಂದು ಬರೆದೆ. ದಂತವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿನಿಯಾದ ನಾನು ರಾಮದುರ್ಗದ ಕಡೆಯ ಆಸ್ಪತ್ರೆಯೊಂದಕ್ಕೆ ತರಬೇತಿಗೆ ಬಂದು ಮೂರನೇ ವಾರ.

ನೋಯುತ್ತಿದ್ದ ದವಡೆ ಹಲ್ಲನ್ನಷ್ಟೇ ನೋಡಿ, ಅದನ್ನು ಕೀಳಲು ಮರಗಟ್ಟಿಸುವ ಮದ್ದನ್ನು ಸಿರಿಂಜಿಗೆ ತುಂಬಿಕೊಂಡು ತಿರುಗಿದರೆ, ಅಜ್ಜಿ ಸೊಂಟದ ಸಂಚಿಯಿಂದ ಡಬ್ಬಿ ತೆಗೆದು ಕಪ್ಪು ಪುಡಿಯಿಂದ ವಸಡು ತಿಕ್ಕುತ್ತಿದ್ದರು. ಅದು ಮಿಶ್ರಿ, ಹಂಚಿನ ಮೇಲೆ ಹುರಿದ ತಂಬಾಕಿನ ಪುಡಿ.

“ಇದು ತಿನ್ನೂದಲ್ರಿ, ಹಲ್ಲ ತಿಕ್ಕೂದು. ನೀವು ಕೈ ಹಾಕ್ತೀರಿ, ಬಾಯಿ ಸ್ವಚ್ಛ ಇರಬೇಕಲ್ರಿ” ಎಂದರು.

ಬಾಯಿ ತೊಳೆಸಿ ಟಾರ್ಚ್ ಹಿಡಿದು ನೋಡಿದೆ. ಕೆಳತುಟಿಯ ಒಳಗೆ ದಪ್ಪನೆಯ ಬಿಳಿ ಮಚ್ಚೆಯಿತ್ತು. ಅಂದು ಹಲ್ಲು ಕೀಳಲಿಲ್ಲ. ಕ್ಯಾನ್ಸರಿನ ಅನುಮಾನವಿದ್ದುದರಿಂದ ನನಗೆ ತರಬೇತಿ ಕೊಡುತ್ತಿದ್ದ ಹಿರಿಯ ಡಾಕ್ಟರ್ ಮೇಡಂ ಮಚ್ಚೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಸಂಜೆ ಹಿಂದಿನ ಎರಡು ವಾರದ ಪೇಪರುಗಳನ್ನು ಹೊರತೆಗೆದೆ. ಹೆಂಗಸರ ಪೇಪರುಗಳಲ್ಲೆಲ್ಲ ನನ್ನದೇ ಅಕ್ಷರದಲ್ಲಿ ‘ಇಲ್ಲ’ ಎಂದಿತ್ತು. ಹಲ್ಲು ಯಾತರಿಂದ ತಿಕ್ಕುತ್ತೀರಿ ಎಂದು ಹಲ್ಲಿನ ಡಾಕ್ಟರಾದ ನಾನು ಒಬ್ಬರನ್ನೂ ಕೇಳಿರಲಿಲ್ಲ.